ಮಗುವಿಗೆ ಡೆಂಗ್ಯೂ, ಕೈಯಲ್ಲಿ ಮೆಮೊ: ರಜೆಯ ಅರ್ಜಿಯಲ್ಲಿ ಏನು ಬರೆಯಬೇಕು?

ಪ್ರಶ್ನೆ: ನಾನು ಡೊಂಬಿವಲಿಯಲ್ಲಿ ವಾಸವಾಗಿದ್ದೇನೆ. ಲೋವರ್ ಪರೇಲಿನ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಸಹಾಯಕಿಯಾಗಿ ನಾಲ್ಕು ವರ್ಷ ಮೀರಿದೆ. ಕಂಪನಿಯಲ್ಲಿ ಸುಮಾರು 80 ಜನರಿದ್ದೇವೆ. ಆಗಸ್ಟ್ ತಿಂಗಳಲ್ಲಿ ನಾಲ್ಕು ವರ್ಷದ ಮಗಳಿಗೆ ಡೆಂಗ್ಯೂ ಆಗಿ ಐದು ದಿನ ಆಸ್ಪತ್ರೆಯಲ್ಲಿ, ನಾಲ್ಕು ದಿನ ಮನೆಯಲ್ಲಿ ಅವಳ ಜೊತೆಗಿದ್ದೆ. ಮೊದಲ ದಿನ ಬೆಳಿಗ್ಗೆಯೇ ಮೇಲಧಿಕಾರಿಗೆ ವಾಟ್ಸಾಪ್‌ನಲ್ಲಿ ತಿಳಿಸಿದ್ದೆ. ನನ್ನ ಸಿ.ಎಲ್. (ಸಾಂದರ್ಭಿಕ ರಜೆ) ಮುಗಿದಿತ್ತು. ಪಿ.ಎಲ್. (ದುಡಿದ ದಿನಗಳ ಲೆಕ್ಕದಲ್ಲಿ ಸಿಗುವ ಗಳಿಕೆ ರಜೆ) 14 ದಿನ ಬಾಕಿ ಇದ್ದರೂ, ಅದಕ್ಕೆ ಹದಿನೈದು ದಿನ ಮೊದಲೇ ಅರ್ಜಿ ಕೊಡಬೇಕೆಂದು ಹೇಳಿ ಒಂಬತ್ತು ದಿನಗಳ ಸಂಬಳ ಕಡಿದರು. ಈಗ ‘ಅನುಮತಿಯಿಲ್ಲದ ಗೈರುಹಾಜರಿ’ ಎಂದು ಮೆಮೊ ಬಂದಿದೆ. ನನಗೇ ಜ್ವರವೆಂದು ಡಾಕ್ಟರ ಸರ್ಟಿಫಿಕೇಟ್ ತಂದುಕೊಟ್ಟಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ. ಪತಿ ಠಾಣೆಯ ಹೋಟೆಲೊಂದರಲ್ಲಿ ಮ್ಯಾನೇಜರ್, ಅವರಿಗೆ ರಜೆ ಸಿಗುವುದಿಲ್ಲ. ಅತ್ತೆ ಕುಂದಾಪುರದಲ್ಲಿದ್ದಾರೆ. ಕೆಲಸ ಬಿಡು ಎಂದು ಮನೆಯಲ್ಲಿ ಒತ್ತಾಯಿಸುತ್ತಿದ್ದಾರೆ. ಮಗುವಿನ ಕಾಯಿಲೆಗೆಂದು ಕಾನೂನಿನಲ್ಲಿ ರಜೆ ಇಲ್ಲವೇ? ನಾನು ಮಾಡಿದ್ದು ತಪ್ಪೇ?

ಉತ್ತರ: ನೀವು ಮಾಡಿದ್ದು ತಪ್ಪಲ್ಲ. ಅದರಲ್ಲೂ ಸುಳ್ಳು ಸರ್ಟಿಫಿಕೇಟ್ ಕೊಡದೆ ಇದ್ದದ್ದು ನಿಮ್ಮನ್ನು ಈಗ ಕಾಯುವ ಸಂಗತಿ. ನಿಮ್ಮ ಮೆಮೊಗೆ ಉತ್ತರ ಬರೆಯಲು ಅದೇ ಆಧಾರವಾಗುವುದರಿಂದ ಅದರ ಬಗ್ಗೆ ಮುಂದೆ ವಿವರವಾಗಿ ಬರೆಯುತ್ತೇನೆ. ಮೊದಲು ಕಾನೂನಿನ ಪ್ರಶ್ನೆ.

ಖಾಸಗಿ ಕಂಪನಿಯಲ್ಲಿ ದುಡಿಯುವ ತಾಯಿಗಾಗಲಿ ತಂದೆಗಾಗಲಿ, ಮಗುವಿಗೆ ಕಾಯಿಲೆಯಾದಾಗ ಇಂತಿಷ್ಟು ದಿನ ರಜೆ ಕೊಡಲೇಬೇಕು ಎಂದು ಹೇಳುವ ಪ್ರತ್ಯೇಕ ಕಾನೂನು ನಮ್ಮ ದೇಶದಲ್ಲಿಲ್ಲ. ಸರ್ಕಾರಿ ನೌಕರರ ಸ್ಥಿತಿ ಬೇರೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ 2008ರಿಂದ ಶಿಶುಪಾಲನಾ ರಜೆ ಇದೆ. ಇಬ್ಬರು ಮಕ್ಕಳ ಮಟ್ಟಿಗೆ, ಮಗುವಿಗೆ 18 ವರ್ಷವಾಗುವವರೆಗೆ, ಇಡೀ ಸೇವಾವಧಿಯಲ್ಲಿ ಒಟ್ಟು 730 ದಿನ ಈ ರಜೆಯನ್ನು ಪಡೆಯಬಹುದು. ಮೊದಲ 365 ದಿನಗಳಿಗೆ ಪೂರ್ಣ ಸಂಬಳ, ಉಳಿದ 365 ದಿನಗಳಿಗೆ ಶೇಕಡಾ 80. ಪುರುಷರಲ್ಲಿ ಒಂಟಿಯಾಗಿ ಮಕ್ಕಳನ್ನು ಸಾಕುವವರಿಗೆ ಮಾತ್ರ ಇದು ದೊರೆಯುತ್ತದೆ. ಮಹಾರಾಷ್ಟ್ರ ಸರ್ಕಾರವೂ 2018ರಲ್ಲಿ ತನ್ನ ಮಹಿಳಾ ನೌಕರರಿಗೆ, ಹಾಗೆಯೇ ಪತ್ನಿ ತೀರಿಹೋದ ಪುರುಷ ನೌಕರರಿಗೆ 180 ದಿನಗಳ ಶಿಶುಪಾಲನಾ ರಜೆಯನ್ನು ಜಾರಿಗೆ ತಂದಿತು. ಮೂಳೆಗಳು ಸುಲಭವಾಗಿ ಮುರಿಯುವ ಆನುವಂಶಿಕ ಕಾಯಿಲೆಯಿದ್ದ ಮಗುವಿನ ತಾಯಿ, ಹಿಮಾಚಲ ಪ್ರದೇಶದ ಸರ್ಕಾರಿ ಕಾಲೇಜೊಂದರ ಅಧ್ಯಾಪಕಿ, ರಜೆ ನಿರಾಕರಿಸಿದ್ದನ್ನು ಪ್ರಶ್ನಿಸಿ ಹೋದಾಗ ಸುಪ್ರೀಂ ಕೋರ್ಟ್ 2024ರ ಏಪ್ರಿಲ್‌ನಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಿತು: ದುಡಿಮೆಯಲ್ಲಿ ಮಹಿಳೆಯರು ಪಾಲ್ಗೊಳ್ಳುವುದು ಯಾರೋ ಕೊಡುವ ಸವಲತ್ತಲ್ಲ, ಅದು ಸಂವಿಧಾನದತ್ತ ಹಕ್ಕು. ಆ ತೀರ್ಪು ಸರ್ಕಾರಿ ನೌಕರಿಗೆ ಸಂಬಂಧಿಸಿದ್ದು, ನಿಮ್ಮ ಕಂಪನಿಯನ್ನು ಅದು ನೇರವಾಗಿ ಕಟ್ಟಿಹಾಕುವುದಿಲ್ಲ. ಸ್ವೀಡನ್ನಿನಲ್ಲಿ 12 ವರ್ಷದೊಳಗಿನ ಮಗುವಿನ ಕಾಯಿಲೆಗೆಂದು ತಂದೆತಾಯಿಗಳು ವರ್ಷಕ್ಕೆ 120 ದಿನಗಳವರೆಗೆ ಸಾಮಾಜಿಕ ವಿಮೆಯಿಂದ ಭತ್ಯೆ ಪಡೆದು ಮನೆಯಲ್ಲಿರಬಹುದು. ಕುಟುಂಬದ ಹೊಣೆಯಿರುವ ಕಾರ್ಮಿಕರ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1981ರಲ್ಲೇ ರೂಪಿಸಿದ ಒಡಂಬಡಿಕೆಯನ್ನು ಭಾರತ ಅನುಮೋದಿಸಿಲ್ಲ. ಇದು ದೊಡ್ಡ ಕೊರತೆ ಎಂದೇ ನಾನು ತಿಳಿದಿದ್ದೇನೆ. ಮುಂಬಯಿಯಂಥ ನಗರದಲ್ಲಿ, ಅಜ್ಜಿಯರು ಸಾವಿರ ಕಿಲೋಮೀಟರ್ ದೂರದ ಊರಿನಲ್ಲಿರುವಾಗ, ಜ್ವರ ಬಂದ ಮಗುವನ್ನು ಪಾಳಣಾಘರದವರು (ಹಗಲು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಶಿಶುಪಾಲನಾ ಕೇಂದ್ರದವರು) ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವಾಗ, ಆ ಕೊರತೆಯ ಭಾರ ಬೀಳುವುದು ತಾಯಿಯ ಸಂಬಳದ ಮೇಲೆ.

ಹಾಗೆಂದು ನಿಮಗೆ ಏನೂ ಇಲ್ಲವೆಂದಲ್ಲ. 2017ರ ಮಹಾರಾಷ್ಟ್ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆ ನಿಮ್ಮಷ್ಟು ದೊಡ್ಡ ಕಂಪನಿಗೆ ಅನ್ವಯಿಸುತ್ತದೆ. ಅದರ 18ನೇ ಕಲಮಿನ ಪ್ರಕಾರ ನಿಮಗೆ ವರ್ಷಕ್ಕೆ ಎಂಟು ದಿನ ಸಂಬಳಸಹಿತ ಸಾಂದರ್ಭಿಕ ರಜೆ, ಅಂದರೆ ಸಿ.ಎಲ್., ಸಿಗಬೇಕು. ಈ ಎಂಟು ದಿನಗಳು ಜನವರಿಯಲ್ಲಿ ಒಟ್ಟಿಗೆ ಬರುವುದಿಲ್ಲ; ಮೂರು ತಿಂಗಳಿಗೊಮ್ಮೆ ನಿಮ್ಮ ಖಾತೆಗೆ ಜಮೆಯಾಗುತ್ತವೆ ಮತ್ತು ವರ್ಷದ ಕೊನೆಗೆ ಉಳಿದದ್ದು ರದ್ದಾಗುತ್ತದೆ. ಸಮನಾಗಿ ಹಂಚಿದರೆ ಮೂರು ತಿಂಗಳಿಗೆ ಎರಡು ದಿನ. ಮಳೆಗಾಲದ ಜ್ವರಗಳು ಹೆಚ್ಚಾಗುವ ಆಗಸ್ಟ್ ಹೊತ್ತಿಗೆ, ಅದುವರೆಗೆ ಒಂದು ದಿನವನ್ನೂ ಬಳಸದೆ ಇದ್ದರೂ, ಕೈಯಲ್ಲಿರುವುದು ಆರು ದಿನ ಮಾತ್ರ. ಪಾಳಣಾಘರಕ್ಕೋ ಬಾಲವಾಡಿಗೋ ಹೋಗುವ ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರರಿಂದ ಎಂಟು ಬಾರಿ ಶೀತ ಜ್ವರ ಬರುವುದು ಸಹಜವೆಂದು ಮಕ್ಕಳ ತಜ್ಞರು ಹೇಳುತ್ತಾರೆ. ಆದ್ದರಿಂದ ಚಿಕ್ಕ ಮಗುವಿರುವ ಮನೆಯಲ್ಲಿ ಸಿ.ಎಲ್. ದಿನಗಳನ್ನು ಊರಿನ ಮದುವೆ, ಪೂಜೆಗಳಿಗೆ ವ್ಯಯಿಸದೆ, ಅಂಥ ಮುಂಚಿತವಾಗಿ ಗೊತ್ತಿರುವ ಕಾರ್ಯಗಳಿಗೆ ಪಿ.ಎಲ್. ಹಾಕಿ, ಸಿ.ಎಲ್. ಅನ್ನು ಕಾಯಿಲೆಗೆಂದೇ ಎತ್ತಿಡುವುದು ಒಳ್ಳೆಯದು. ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡುತ್ತಾರೆ.

ಇನ್ನು ಪಿ.ಎಲ್. ಅದೇ ಕಾಯ್ದೆಯ ಪ್ರಕಾರ ವರ್ಷದಲ್ಲಿ 240 ದಿನ ಕೆಲಸ ಮಾಡಿದವರಿಗೆ ಪ್ರತಿ 20 ದಿನಗಳ ಕೆಲಸಕ್ಕೆ ಒಂದು ದಿನದಂತೆ ಸಂಬಳಸಹಿತ ರಜೆ ದೊರೆಯುತ್ತದೆ ಮತ್ತು ಅದನ್ನು 45 ದಿನಗಳವರೆಗೆ ಕೂಡಿಡಬಹುದು. ನಿಮ್ಮ ಖಾತೆಯಲ್ಲಿರುವ 14 ದಿನಗಳು ಹೀಗೆ ನೀವು ದುಡಿದು ಗಳಿಸಿದ ದಿನಗಳು. ಮುಂಚಿತವಾಗಿ ಅರ್ಜಿ ಕೊಡಬೇಕೆಂಬ ನಿಯಮ ಇರುವುದು ಕಚೇರಿಯ ಕೆಲಸ ಹೊಂದಿಸಿಕೊಳ್ಳಲು. ಆಕಸ್ಮಿಕವಾಗಿ ಆಸ್ಪತ್ರೆ ಸೇರಬೇಕಾಗಿ ಬಂದಾಗ ಆ ಗಡುವನ್ನು ಬದಿಗಿಟ್ಟು, ಆದ ಗೈರುಹಾಜರಿಯನ್ನು ಪಿ.ಎಲ್. ಎಂದು ಹೊಂದಿಸಿಕೊಳ್ಳಲು ಮಾಲೀಕರಿಗೆ ಯಾವ ಅಡ್ಡಿಯೂ ಇಲ್ಲ, ಎಷ್ಟೋ ಕಚೇರಿಗಳು ಹಾಗೆ ಮಾಡುತ್ತಲೇ ಇವೆ. ಆದ್ದರಿಂದ ನಿಮ್ಮ ಮೊದಲ ಬೇಡಿಕೆ ಇದೇ ಆಗಿರಲಿ: ಒಂಬತ್ತು ದಿನಗಳನ್ನು ಪಿ.ಎಲ್. ಎಂದು ಮಂಜೂರು ಮಾಡಿ, ಕಡಿದ ಸಂಬಳವನ್ನು ಮುಂದಿನ ತಿಂಗಳು ಮರಳಿಸಬೇಕು. ಒಂದು ವೇಳೆ ಒಪ್ಪದೆ ಹೋದರೂ ಸಂಬಳಚೀಟಿಯನ್ನು ಪರಿಶೀಲಿಸಿ. ಗೈರುಹಾಜರಿಗಾಗಿ ಸಂಬಳ ಕಡಿಯುವಾಗ ಗೈರಾದ ಅವಧಿಯ ಪ್ರಮಾಣವನ್ನು ಮೀರಬಾರದು ಎಂಬ ತತ್ತ್ವ 1936ರ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, ಅದರ ಬದಲು ಬಂದಿರುವ 2019ರ ವೇತನ ಸಂಹಿತೆಯಲ್ಲೂ ಇದೆ. ಸಂಬಳವನ್ನೂ ಕಡಿದು ಅವೇ ದಿನಗಳನ್ನು ರಜೆಯ ಖಾತೆಯಿಂದಲೂ ಕಳೆದಿದ್ದರೆ ಅದನ್ನು ಬರವಣಿಗೆಯಲ್ಲಿ ಎತ್ತಿ ತೋರಿಸಬೇಕು.

ಈಗ ಸರ್ಟಿಫಿಕೇಟಿನ ವಿಷಯ. ನಿಮ್ಮ ಸಹೋದ್ಯೋಗಿಗಳು ಕೆಟ್ಟ ಉದ್ದೇಶದಿಂದ ಹಾಗೆ ಹೇಳಿರಲಾರರು. ಮಗುವಿನ ಜ್ವರಕ್ಕೆ ರಜೆ ಇಲ್ಲ, ತನ್ನ ಜ್ವರಕ್ಕಾದರೆ ಇದೆ ಎಂದು ಕಂಡುಕೊಂಡ ತಾಯಂದಿರು ಮುಂಬಯಿಯಲ್ಲೂ ಪುಣೆಯಲ್ಲೂ ಬಹಳ ಕಾಲದಿಂದ ಹಿಡಿದಿರುವ ದಾರಿ ಅದು. ಆದರೂ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಕಾರಣಗಳು ಹೀಗಿವೆ. ಸುಳ್ಳು ದಾಖಲೆ ಕೊಡುವುದು ಅಪ್ರಾಮಾಣಿಕತೆಯ ದುರ್ನಡತೆ. ಅದಕ್ಕೆ ನೌಕರಿಯೇ ಹೋಗಬಹುದು. ಗೈರುಹಾಜರಿಯಾದರೋ ಕಾರಣ ಕೊಟ್ಟು ಸಮರ್ಥಿಸಿಕೊಳ್ಳಬಹುದಾದ ಸಂಗತಿ. ಮೆಮೊ ಬಂದ ಮೇಲೆ ಆಸ್ಪತ್ರೆಯ ಬಿಲ್ಲು, ಡಿಸ್ಚಾರ್ಜ್ ಕಾರ್ಡು, ರಕ್ತಪರೀಕ್ಷೆಯ ವರದಿ ಎಲ್ಲವೂ ಮಗಳ ಹೆಸರಿನಲ್ಲಿದ್ದು, ಅದೇ ದಿನಾಂಕಗಳಿಗೆ ನಿಮ್ಮ ಹೆಸರಿನ ಜ್ವರದ ಸರ್ಟಿಫಿಕೇಟ್ ಕಚೇರಿಯ ಕಡತದಲ್ಲಿದ್ದರೆ, ನಿಮ್ಮ ನಿಜವಾದ ದಾಖಲೆಗಳೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತವೆ. ಸರ್ಟಿಫಿಕೇಟ್ ಬರೆದುಕೊಟ್ಟ ಡಾಕ್ಟರೂ ತೊಂದರೆಗೆ ಸಿಲುಕುತ್ತಾರೆ. ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡುವ ಕಾರಣ ಇನ್ನೊಂದಿದೆ. ತಾಯಂದಿರೆಲ್ಲ ತಮಗೇ ಜ್ವರವೆಂದು ಬರೆಯುತ್ತ ಹೋದರೆ, ಕಂಪನಿಯ ರಜೆಯ ದಾಖಲೆಯಲ್ಲಿ ಮಗುವಿನ ಕಾಯಿಲೆ ಎಂಬ ಕಾರಣವೇ ಕಾಣಿಸಿಕೊಳ್ಳುವುದಿಲ್ಲ. ಕಾಣಿಸದ ಅಗತ್ಯಕ್ಕೆ ಯಾವ ಕಂಪನಿಯೂ ನಿಯಮ ಮಾಡುವುದಿಲ್ಲ. ಕಡತದಲ್ಲಿ ಉಳಿಯುವುದು ಹೆಂಗಸರಿಗೆ ಪದೇ ಪದೇ ಹುಷಾರಿರುವುದಿಲ್ಲ ಎಂಬ ತಪ್ಪು ಚಿತ್ರ ಮಾತ್ರ. ನಿಜವಾದ ಕಾರಣ ಬರೆದ ಅರ್ಜಿಗಳು ಒಂದು ವರ್ಷ ಕಡತದಲ್ಲಿ ಸೇರಿದರೆ ಮಾನವ ಸಂಪನ್ಮೂಲ ವಿಭಾಗದವರ ಮುಂದೆ ಮಾತಾಡಲು ನಿಮ್ಮಂಥವರಿಗೆ ಒಂದು ನೆಲೆ ಸಿಗುತ್ತದೆ.

ಮೆಮೊಗೆ ಉತ್ತರವನ್ನು ಅದರಲ್ಲಿ ಕೊಟ್ಟ ಗಡುವಿನೊಳಗೆ ಕೊಡಿ. ಗಡುವು ಹೇಳಿಲ್ಲದಿದ್ದರೆ ಈ ವಾರವೇ ಕೊಡಿ. ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬೇಡಿ. ಯಾವ ದಿನ, ಎಷ್ಟು ಗಂಟೆಗೆ, ಯಾರಿಗೆ ವಾಟ್ಸಾಪ್ ಮಾಡಿದಿರಿ ಎಂಬುದನ್ನು ಬರೆದು ಅದರ ಚಿತ್ರಪ್ರತಿಯನ್ನು ಲಗತ್ತಿಸಿ. ಮಗಳನ್ನು ದಾಖಲಿಸಿದ ಮತ್ತು ಬಿಡುಗಡೆ ಮಾಡಿದ ದಿನಾಂಕ, ಮನೆಯಲ್ಲಿ ಎಷ್ಟು ದಿನ ನಿಗಾ ಬೇಕೆಂದು ಡಾಕ್ಟರು ಬರೆದಿದ್ದರೆ ಆ ಚೀಟಿ, ಇವನ್ನೂ ಜೊತೆಗಿಡಿ. ಮಕ್ಕಳ ವಾರ್ಡಿನಲ್ಲಿ ತಂದೆ ಅಥವಾ ತಾಯಿ ಮಗುವಿನ ಜೊತೆ ಇರಲೇಬೇಕೆಂದು ಆಸ್ಪತ್ರೆಗಳು ಸಾಮಾನ್ಯವಾಗಿ ಕೇಳುತ್ತವೆ; ನೀವು ಆ ಐದು ದಿನ ಜೊತೆಗಿದ್ದಿರಿ ಎಂದು ಆಸ್ಪತ್ರೆಯವರಿಂದ ಒಂದು ಸಾಲಿನ ಪತ್ರ ಸಿಕ್ಕರೆ ಬಹಳ ಉಪಯೋಗ. ಕೊನೆಯಲ್ಲಿ ಗೈರುಹಾಜರಿ ಉದ್ದೇಶಪೂರ್ವಕವಲ್ಲ, ಅನಿವಾರ್ಯವಾಗಿತ್ತು ಎಂದು ಸ್ಪಷ್ಟವಾಗಿ ಬರೆದು, ಮೇಲೆ ಹೇಳಿದ ಪಿ.ಎಲ್. ಬೇಡಿಕೆಯನ್ನು ಸೇರಿಸಿ. ಉದ್ದೇಶಪೂರ್ವಕ ಎಂಬ ಪದಕ್ಕೆ ತೂಕವಿದೆ: ಸರ್ಕಾರಿ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ, ಕಾಯಿಲೆ, ಅಪಘಾತ, ಆಸ್ಪತ್ರೆವಾಸದಂಥ ಕೈಮೀರಿದ ಕಾರಣಗಳಿಂದ ಆದ ಗೈರುಹಾಜರಿ ಅನುಮತಿಯಿಲ್ಲದ್ದೇ ಆದರೂ ಅದನ್ನು ಉದ್ದೇಶಪೂರ್ವಕವೆಂದು ತಾನೇತಾನಾಗಿ ತೀರ್ಮಾನಿಸುವಂತಿಲ್ಲ ಎಂದಿದೆ. ಖಾಸಗಿ ಕಂಪನಿಯ ಮುಂದೆಯೂ ಈ ವಾದವನ್ನು ಮರ್ಯಾದೆಯಿಂದ ಇಡಬಹುದು. ಜಗಳದ ದನಿ ಬೇಡ, ಕ್ಷಮಾಪಣೆಯ ದನಿಯೂ ಬೇಡ. ಕಂಪನಿ ಸಿ.ಎಲ್. ಅಥವಾ ಪಿ.ಎಲ್. ಕಾಯ್ದೆಯಲ್ಲಿ ಹೇಳಿದಷ್ಟನ್ನು ಕೊಡುತ್ತಲೇ ಇಲ್ಲವೆಂದು ಕಂಡುಬಂದರೆ, ಮುಂಬಯಿ ನಗರದೊಳಗಿನ ಸಂಸ್ಥೆಗಳ ಮಟ್ಟಿಗೆ ದೂರು ಹೋಗಬೇಕಾದದ್ದು ಮಹಾನಗರಪಾಲಿಕೆಯ ಅಂಗಡಿ ಮತ್ತು ಸಂಸ್ಥೆಗಳ ವಿಭಾಗಕ್ಕೆ. ಆದರೆ ಅದು ಉತ್ತರ ಕೊಟ್ಟು ಕಾದ ನಂತರದ ಹೆಜ್ಜೆ.

ಮುಂದಿನ ಸಲ ಇಂಥ ಸಂದರ್ಭ ಬಂದರೆ ವಾಟ್ಸಾಪ್ ಜೊತೆಗೆ ಅದೇ ದಿನ ಮೂರು ಸಾಲಿನ ಇ-ಮೇಲ್ ಕಳಿಸಿ, ಮೊಬೈಲಿನಿಂದಲೇ ಸಾಕು. ಮಗುವಿಗೆ ಏನಾಗಿದೆ, ಡಾಕ್ಟರು ಅಂದಾಜು ಎಷ್ಟು ದಿನ ಹೇಳಿದ್ದಾರೆ, ಯಾವ ರಜೆಯಿಂದ ಕಳೆಯಬೇಕು, ಕೈಯಲ್ಲಿದ್ದ ತುರ್ತು ಕೆಲಸ ಯಾರಿಗೆ ಒಪ್ಪಿಸಿದ್ದೀರಿ, ಇಷ್ಟಿದ್ದರೆ ಅದು ಅರ್ಜಿಯೇ. ದಿನಗಳ ಅಂದಾಜನ್ನು ಕಡಿಮೆ ಹೇಳಿ ಆಮೇಲೆ ಎರಡೆರಡು ದಿನ ಬೆಳೆಸುತ್ತ ಹೋಗುವುದು ಬಹಳ ಜನ ಮಾಡುವ ತಪ್ಪು. ಮೇಲಧಿಕಾರಿಗೆ ಸಿಟ್ಟು ಬರುವುದು ಅದರಿಂದಲೇ. ಕೈಕಾಲು ಬಾಯಿ ರೋಗಕ್ಕೆ ಒಂದು ವಾರದಿಂದ ಹತ್ತು ದಿನ ಬೇಕು. ಸೀತಾಳೆ ಸಿಡುಬಾದರೆ ಗುಳ್ಳೆಗಳೆಲ್ಲ ಒಣಗಿ ಹೊಪ್ಪಳೆ ಕಟ್ಟುವವರೆಗೆ ಮಗುವನ್ನು ಪಾಳಣಾಘರಕ್ಕೆ ಕಳಿಸುವಂತಿಲ್ಲ. ಡೆಂಗ್ಯೂವಿನಲ್ಲಂತೂ ಜ್ವರ ಇಳಿಯುವ ಹೊತ್ತೇ, ಅಂದರೆ ಮೂರನೆಯ ದಿನದಿಂದ ಏಳನೆಯ ದಿನದ ನಡುವಿನ ಒಂದೆರಡು ದಿನಗಳೇ, ಅತ್ಯಂತ ಅಪಾಯದ ಅವಧಿ. ಜ್ವರ ಬಿಟ್ಟಿತಲ್ಲ ಎಂದು ತಾಯಿ ಲೋಕಲ್ ಹತ್ತಿ ಕಚೇರಿಗೆ ಹೊರಟ ದಿನವೇ ಮಗುವಿಗೆ ಹೊಟ್ಟೆನೋವು, ಬಿಡದ ವಾಂತಿ, ಅತಿಯಾದ ಸುಸ್ತು ಕಾಣಿಸಿಕೊಳ್ಳಬಹುದು. ಬಿಡುಗಡೆಯಾದ ಮೇಲೂ ನಾಲ್ಕು ದಿನ ನೀವು ಮನೆಯಲ್ಲಿದ್ದದ್ದು ಅತಿಯಾಯಿತೆಂದು ಯಾರಾದರೂ ಹೇಳಿದ್ದರೆ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಇದೇ ಪ್ರಶ್ನೆ ಇರುವ ಬೇರೆ ಓದುಗರಿಗಾಗಿ ಇ.ಎಸ್.ಐ. (ನೌಕರರ ರಾಜ್ಯ ವಿಮಾ ಯೋಜನೆ) ಬಗ್ಗೆ ಒಂದು ಮಾತು. ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿದ್ದು ಇ.ಎಸ್.ಐ. ವ್ಯಾಪ್ತಿಗೆ ಬರುವವರ ಮಕ್ಕಳಿಗೆ ಚಿಕಿತ್ಸೆ ಸಿಗುತ್ತದೆ. ಆದರೆ ಶೇಕಡಾ 70ರ ಲೆಕ್ಕದಲ್ಲಿ 91 ದಿನಗಳವರೆಗೆ ಸಿಗುವ ಕಾಯಿಲೆ ಭತ್ಯೆ ವಿಮೆ ಮಾಡಿದ ನೌಕರರ ಸ್ವಂತ ಕಾಯಿಲೆಗೆ ಮಾತ್ರ, ಮಗುವಿನ ಕಾಯಿಲೆಗಲ್ಲ. ಹಾಗೆಯೇ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಪಾಳಣಾಘರದ ವ್ಯವಸ್ಥೆ ಇರಬೇಕೆಂದು, ತಾಯಿ ದಿನಕ್ಕೆ ನಾಲ್ಕು ಬಾರಿ ಮಗುವನ್ನು ನೋಡಿಬರಬಹುದೆಂದು 2017ರಲ್ಲಿ ತಿದ್ದಿದ ಹೆರಿಗೆ ಸೌಲಭ್ಯ ಕಾಯ್ದೆ ಹೇಳಿತು, 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಸೇರಿದೆ. ನಿಮ್ಮ ಕಂಪನಿಗೆ ಇದು ಅನ್ವಯಿಸುತ್ತದೆ. ಮಗು ಚೆನ್ನಾಗಿರುವ ದಿನಗಳಿಗೆ ಇದರಿಂದ ಪ್ರಯೋಜನವಿದೆ, ಕಾಯಿಲೆಯ ದಿನಗಳಿಗಲ್ಲ.

ನಿಮ್ಮ ಪತ್ರದಲ್ಲಿ ಪತಿಯ ಬಗ್ಗೆ ಒಂದೇ ವಾಕ್ಯವಿದೆ: ಅವರಿಗೆ ರಜೆ ಸಿಗುವುದಿಲ್ಲ. ಆ ವಾಕ್ಯವನ್ನು ನಾನು ಹಾಗೆಯೇ ಒಪ್ಪಲಾರೆ. ನಿಗದಿತ ಸಂಖ್ಯೆಯಷ್ಟು ನೌಕರರಿರುವ ಹೋಟೆಲುಗಳೂ ಅದೇ 2017ರ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಸಿ.ಎಲ್. ವಿಷಯದಲ್ಲಿ ಕಾಯ್ದೆ ಗಂಡು ಹೆಣ್ಣೆಂಬ ಭೇದ ಮಾಡುವುದಿಲ್ಲ. ಕಾರಣ ಮಗುವಿನ ಜ್ವರವಾಗಬಾರದೆಂದೂ ಹೇಳುವುದಿಲ್ಲ. ಮ್ಯಾನೇಜರ್ ಎಂಬ ಹೆಸರಿದ್ದವರಿಗೆ ಒಂದು ತೊಡಕಿದೆ: ನಿರ್ವಾಹಕ, ಮೇಲ್ವಿಚಾರಕ ಅಥವಾ ಗೋಪ್ಯ ಸ್ವರೂಪದ ಹುದ್ದೆಯಲ್ಲಿರುವವರನ್ನು ಕಾಯ್ದೆ ಹೊರಗಿಡುತ್ತದೆ. ಆದರೆ ಅಂಥವರ ಪಟ್ಟಿಯನ್ನು ಸಂಸ್ಥೆ ತನ್ನ ವೆಬ್‌ಸೈಟಿನಲ್ಲಿ, ಅದು ಇಲ್ಲದಿದ್ದರೆ ಎಲ್ಲರಿಗೂ ಕಾಣುವ ಜಾಗದಲ್ಲಿ, ಪ್ರಕಟಿಸಬೇಕು. ನಮ್ಮ ಕಡೆಯ ಹೋಟೆಲುಗಳಲ್ಲಿ ಮ್ಯಾನೇಜರ್ ಎಂದು ಕರೆಸಿಕೊಳ್ಳುವ ಎಷ್ಟೋ ಜನ ಗಲ್ಲಾದಲ್ಲಿ ಕುಳಿತು ಬಿಲ್ಲು ಮಾಡುವ, ಸಾಮಾನು ತರಿಸುವ ಕೆಲಸವನ್ನೇ ಮಾಡುತ್ತಾರೆ. ಅವರು ಆ ಪಟ್ಟಿಯಲ್ಲಿ ಇಲ್ಲದಿರಬಹುದು. ನಿಮ್ಮ ಪತಿಯ ನೇಮಕಾತಿ ಪತ್ರದಲ್ಲಿ ಏನಿದೆ, ಪಟ್ಟಿಯಲ್ಲಿ ಅವರ ಹೆಸರಿದೆಯೇ ಎಂದು ನೋಡಿ. ಹೆಸರಿಲ್ಲದಿದ್ದರೆ ಅವರಿಗೂ ವರ್ಷಕ್ಕೆ ಎಂಟು ದಿನಗಳಿವೆ. ಒಂಬತ್ತು ದಿನಗಳಲ್ಲಿ ನಾಲ್ಕು ದಿನ ಅವರು ಆಸ್ಪತ್ರೆಯಲ್ಲಿದ್ದಿದ್ದರೆ ನಿಮ್ಮ ಗೈರುಹಾಜರಿ ಐದಕ್ಕೆ ಇಳಿಯುತ್ತಿತ್ತು, ಈ ಮೆಮೊ ಬಹುಶಃ ಬರುತ್ತಲೇ ಇರಲಿಲ್ಲ. ಹೋಟೆಲಿನಲ್ಲಿ ಪಾಳಿಯ ಕೆಲಸವಾದರೆ ರಜೆಯೇ ಬೇಕಾಗದಿರಬಹುದು: ಅವರು ಸಂಜೆಯ ಪಾಳಿ ಕೇಳಿಕೊಂಡು ಬೆಳಿಗ್ಗೆ ಮಗಳ ಹತ್ತಿರವಿದ್ದು, ನೀವು ಅರ್ಧ ದಿನದ ರಜೆಯಲ್ಲಿ ಮಧ್ಯಾಹ್ನ ಹಿಂದಿರುಗುವ ಏರ್ಪಾಡು ಮಾಡಬಹುದು. ಸರ್ಕಾರಿ ರಜಾ ನಿಯಮಗಳೇ ಪತ್ನಿಯಿರುವ ತಂದೆಯನ್ನು ಲೆಕ್ಕದಿಂದ ಬಿಟ್ಟಿವೆ ನಿಜ, ಆದರೆ ಮನೆಯೊಳಗಿನ ಲೆಕ್ಕ ಅದನ್ನೇ ಅನುಸರಿಸಬೇಕಾಗಿಲ್ಲ.

ಕೆಲಸ ಬಿಡುವ ವಿಚಾರವನ್ನು ಮೆಮೊ ಬಂದ ಬೇಸರದಲ್ಲಿ ತೀರ್ಮಾನಿಸಬೇಡಿ. ನಿಮಗೆ ನಾಲ್ಕು ವರ್ಷ ಮೀರಿದೆ. ಐದು ವರ್ಷಗಳ ನಿರಂತರ ಸೇವೆ ಪೂರ್ಣವಾದರೆ, ಪ್ರತಿ ವರ್ಷಕ್ಕೆ 15 ದಿನಗಳ ವೇತನದ ಲೆಕ್ಕದಲ್ಲಿ ಗ್ರಾಚ್ಯುಯಿಟಿ, ಅಂದರೆ ಕೆಲಸ ಬಿಡುವಾಗ ಮಾಲೀಕರು ಕೊಡಬೇಕಾದ ಇಡಿಗಂಟು, ನಿಮ್ಮ ಹಕ್ಕಾಗುತ್ತದೆ. ಈಗ ರಾಜೀನಾಮೆ ಕೊಟ್ಟರೆ ಆ ಹಣ ಕೈತಪ್ಪಬಹುದು. ಮಂಜೂರಾದ ರಜೆ, ಅದು ಸಂಬಳರಹಿತವಾಗಿದ್ದರೂ, ಸೇವೆಯ ನಿರಂತರತೆಯನ್ನು ಮುರಿಯುವುದಿಲ್ಲ. ಆದ್ದರಿಂದ ಮಗಳಿಗೆ ಪೂರ್ತಿ ಚೇತರಿಸಿಕೊಳ್ಳಲು ಇನ್ನಷ್ಟು ಕಾಲ ನಿಮ್ಮ ಸಾಮೀಪ್ಯ ಬೇಕೆನಿಸಿದರೆ, ರಾಜೀನಾಮೆಯ ಬದಲು ಒಂದು ತಿಂಗಳ ಸಂಬಳರಹಿತ ರಜೆಯನ್ನೋ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸವನ್ನೋ ಕೇಳಿ. ಲೆಕ್ಕಪತ್ರದ ಕೆಲಸದಲ್ಲಿ ಬಹುಪಾಲನ್ನು ಮನೆಯಿಂದ ಮಾಡಲು ಸಾಧ್ಯವೆಂದು ಕೋವಿಡ್ ಕಾಲದಲ್ಲಿ ಎಷ್ಟೋ ಕಂಪನಿಗಳು ಕಂಡುಕೊಂಡಿವೆ. ತಿಂಗಳ ಕೊನೆ, ಜಿಎಸ್‌ಟಿ ಸಲ್ಲಿಕೆಯ ದಿನಗಳು, ಆಡಿಟ್ ಸಮಯ, ಇವುಗಳನ್ನು ಬಿಟ್ಟು ಉಳಿದ ದಿನಗಳನ್ನು ನೀವೇ ಗುರುತಿಸಿ ಕೇಳಿದರೆ ಮೇಲಧಿಕಾರಿ ಒಪ್ಪುವುದು ಸುಲಭ. ಕೇಳಿದ್ದನ್ನೂ ಅವರು ಕೊಟ್ಟ ಉತ್ತರವನ್ನೂ ಇ-ಮೇಲಿನಲ್ಲೇ ಇಟ್ಟುಕೊಳ್ಳಿ. ಅತ್ತೆಯವರನ್ನು ಮಳೆಗಾಲದ ಎರಡು ತಿಂಗಳು ಡೊಂಬಿವಲಿಗೆ ಕರೆಸಿಕೊಳ್ಳುವ ಯೋಚನೆಯಿದ್ದರೆ ಕೊಂಕಣ ರೈಲ್ವೆಯ ಟಿಕೆಟ್ಟನ್ನು ಬುಕಿಂಗ್ ತೆರೆದ ಕೂಡಲೇ ಮಾಡಿಸಿ, ಗಣೇಶ ಚತುರ್ಥಿಯ ಸುತ್ತಮುತ್ತ ಆ ಗಾಡಿಗಳಲ್ಲಿ ಸೀಟು ಸಿಗುವುದು ಕಷ್ಟ.